ನಡ ನೋವಲ್ಲ, ಇದ್ದದ್ದು ಹೇಳಿ: ಸ್ತ್ರೀರೋಗ ತಜ್ಞರ ಹತ್ತಿರ ಹೋಗಿಬರುವುದು ಹೇಗೆ?

ನಮ್ಮ ಚಿಗವ್ವನಿಗೆ ಆಗ 56 ವಯಸ್ಸು. ಮುಟ್ಟು ನಿಂತು ಐದು ವರ್ಷವಾಗಿತ್ತು. ಒಂದು ದಿನ ಸೀರೆಗೆ ಕಲೆ ಕಂಡಿತು. ಓಣಿಯ ಗೆಳತಿಗೆ ಹೇಳಿದರೆ ಆಕೆ ‘ಮತ್ತ ಹರೇ ಬಂತೇನ?’ ಎಂದು ನಕ್ಕುಬಿಟ್ಟಳು. ಚಿಗವ್ವ ಅಲ್ಲಿಗೆ ಬಾಯಿ ಮುಚ್ಚಿದಳು. ಮುಂದೆ ಎಂಟು ತಿಂಗಳು ಡಾಕ್ಟರ ಹತ್ತಿರ ಹೋದಾಗಲೆಲ್ಲ ಹೇಳಿದ್ದು ಒಂದೇ ಮಾತು: ‘ನಡಾ ನೋಯ್ತೈತ್ರಿ.’ ಅವರು ನಡ ನೋವಿಗೆ ಗುಳಿಗೆ ಕೊಟ್ಟರು. ಪಾಪ, ಅವರದೇನು ತಪ್ಪು?

ಗದಗ, ಹಾವೇರಿ, ಹುಬ್ಬಳ್ಳಿ, ಧಾರವಾಡ ಎಲ್ಲಿಗೆ ಹೋದರೂ ಈ ನಡ ನೋವು ಸಿಗುತ್ತದೆ. ಬಿಳಿ ಹೋಗುತ್ತಿದ್ದರೂ ನಡ ನೋವು, ಉರಿಮೂತ್ರವಿದ್ದರೂ ನಡ ನೋವು, ಗರ್ಭಚೀಲ ಕೆಳಗೆ ಜಾರಿದ್ದರೂ ನಡ ನೋವು. ನಾಚಿಕೆ ಹೋದ ಮೇಲೆ ತೋರಿಸಿದರಾಯಿತು ಎಂದು ಕೂತರೆ ಅದು ಹೋಗುವುದಿಲ್ಲ. ನಾಚಿಕೆ ಇಟ್ಟುಕೊಂಡೇ ಹೋಗಿಬರುವ ದಾರಿ ನೋಡೋಣ.

1. ಮನೆಯಲ್ಲೇ ಮಾತು ಕಟ್ಟಿಕೊಳ್ಳಿ

ಕಷ್ಟವಿರುವುದು ಮೊದಲ ವಾಕ್ಯದಲ್ಲಿ. ಹಿಂದೆ ಹತ್ತು ಜನ ಸರತಿಯಲ್ಲಿ ನಿಂತಿರುತ್ತಾರೆ, ಡಾಕ್ಟರ್ ‘ಏನಾಗೇತಿ?’ ಅನ್ನುತ್ತಾರೆ, ನಾಲಿಗೆ ತಾನಾಗಿಯೇ ನಡದ ಕಡೆ ಹೊರಳುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಏನು, ಎಷ್ಟು ದಿನದಿಂದ, ಎಷ್ಟು. ಮುಟ್ಟು, ಬಿಳಿ, ಮೂತ್ರದ ಜಾಗ, ಹೆರಿಗೆಯ ಜಾಗ ಅಂದರೆ ಸಾಕು, ಎಲ್ಲ ಡಾಕ್ಟರಿಗೂ ಅರ್ಥವಾಗುತ್ತದೆ. ಸುಮ್ನೆ ‘ಕೆಳಗ’ ಅನ್ನಬೇಡಿ. ಮೊಣಕಾಲೂ ಕೆಳಗೇ ಅಲ್ವಾ? ‘ಬಿಳಿ ಹೋಗಾಕತ್ತು ತಿಂಗಳಾತ್ರಿ, ವಾಸನಿ ಐತಿ, ತುರಸ್ತೈತಿ’ ಎಂದರೆ ಅರ್ಧ ಕೆಲಸ ಮುಗಿಯಿತು.

ಬಾಯಿ ಬರಲೇ ಇಲ್ಲವೇ? ಚೀಟಿಯನ್ನೇ ಕೈಗೆ ಕೊಡಿ. ಚಿಗವ್ವ ಕೊನೆಗೆ ಹಾಗೇ ಮಾಡಿದಳು. ಬರೆದವಳು ನಾನು, ಕೊಟ್ಟವಳು ಆಕೆ. ಗರ್ಭಕೋಶದ ಬಾಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟಿತ್ತು. ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಅಂತ ಬಂತು. ಎಂಟು ತಿಂಗಳ ಹೆದರಿಕೆ ಅಷ್ಟಕ್ಕೇ ಮುಗಿಯಿತು.

ಕಳೆದ ಸಲ ಮುಟ್ಟಾದ ತಾರೀಕು ಅವರು ಕೇಳೇ ಕೇಳುತ್ತಾರೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಒಂದು ಗುಂಡು ಸುತ್ತಿಡಿ.

2. ಯಾವುದಕ್ಕೆ ತಡ ಮಾಡಬಾರದು

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಗಂಡ-ಹೆಂಡತಿ ಕೂಡಿದ ಮೇಲೆ ರಕ್ತ ಬಂದರೆ, ಎರಡು ಮುಟ್ಟಿನ ನಡುವೆ ಕಂಡರೆ, ತಾಸಿಗೊಂದು ಪ್ಯಾಡ್ ತೊಯ್ದರೆ, ಸ್ರಾವ ಎಂಟು ದಿನ ದಾಟಿದರೆ, ಮೊಲೆಯಲ್ಲಿ ಗಂಟು ಸಿಕ್ಕರೆ ಕೂಡ. ವಾಸನೆ, ತುರಿಕೆ ಇಲ್ಲದ ತೆಳ್ಳನೆಯ ಬಿಳಿ ಮಾತ್ರ ರೋಗವಲ್ಲ. 21ರಿಂದ 35 ದಿನಕ್ಕೊಮ್ಮೆ ಮುಟ್ಟಾಗುವುದೂ ಸಹಜವೇ.

3. ಏನೂ ಆಗದಿದ್ದರೂ ಹೋಗಿ

ನಮ್ಮಲ್ಲಿ ಇದೇ ಕಡಿಮೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ಬಹಳ ಜನರಿಗೆ ತಗಲುತ್ತದೆ, ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ನೋವೂ ಇಲ್ಲ, ಸುಳಿವೂ ಇಲ್ಲ. ಆಗಲೇ ಹಿಡಿದರೆ ಸುಲಭ.

ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಇದೆ. ವಿನೆಗರ್‌ನಂಥ ತಿಳಿ ದ್ರವ ಹಚ್ಚಿ, ಬಿಳಿ ಕಲೆ ಮೂಡುತ್ತದೆಯೇ ಎಂದು ನೋಡುತ್ತಾರೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಪ್ಯಾಪ್ ಸ್ಮಿಯರ್ ಆದರೆ ಬ್ರಶ್‌ನಿಂದ ಸ್ವಲ್ಪ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕಲೆ ಕಂಡಿತು ಅಂದರೆ ಕ್ಯಾನ್ಸರ್ ಎಂದಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಅಷ್ಟೆ. ನಿಮ್ಮ ಹತ್ತಿರ ಎಲ್ಲಿ, ಯಾವ ದಿನ ಮಾಡುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದ ಜಿಮ್ಸ್ ಎಂಬ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಧಾರವಾಡ, ಹಾವೇರಿಯ ಜಿಲ್ಲಾ ಆಸ್ಪತ್ರೆಗಳಿವೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರಿಗೆ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಅಂಥವರು ನಾಲ್ಕು ಜನ ಕೂಡಿ ಹೋಗುವುದು ಒಳ್ಳೆಯದು. ಒಬ್ಬಳು ಒಳಗೆ ಹೋಗಿ ನಗುತ್ತ ಹೊರಬಂದರೆ ಉಳಿದ ಮೂವರ ಎದೆಬಡಿತ ಇಳಿಯುತ್ತದೆ.

4. ಹೊರಡುವ ಮುಂಚೆ

ಪ್ಯಾಪ್ ಪರೀಕ್ಷೆಗೆ ಮುಟ್ಟಿನ ದಿನ ಬೇಡ. ಎರಡು ದಿನ ಮೊದಲಿನಿಂದ ಗಂಡ-ಹೆಂಡತಿ ಕೂಡುವುದು, ಒಳಗೆ ಔಷಧ ಇಡುವುದು ಬೇಡ. ಒಳಗೆ ಸೋಪು ಹಾಕಿ ತೊಳೆಯುವುದು ಯಾವತ್ತೂ ಬೇಡ. ಕೂದಲು ತೆಗೆಯಬೇಕಿಲ್ಲ. ಅದೊಂದೇ ಕಾರಣಕ್ಕೆ ತಿಂಗಳು ಮುಂದೂಡಿದವರನ್ನು ಬಲ್ಲೆ! ಸೀರೆ ಇಲ್ಲವೇ ಸಡಿಲ ಬಟ್ಟೆ ಅನುಕೂಲ. ಜೊತೆಗೆ ಅಕ್ಕನೋ ನೆಗೆಣ್ಣಿಯೋ ಇರಲಿ.

5. ಒಳಗೆ ಏನಾಗುತ್ತದೆ

ಮೂತ್ರ ಮಾಡಿ ಬರಲು ಹೇಳುತ್ತಾರೆ. ಮಲಗಿ ಮೊಣಕಾಲು ಮಡಚಬೇಕು, ಮೇಲೆ ಬಟ್ಟೆ ಹೊದಿಸುತ್ತಾರೆ. ಬಾತುಕೋಳಿಯ ಕೊಕ್ಕಿನಂಥ ಸ್ಪೆಕ್ಯುಲಮ್ ಹಾಕಿ ನೋಡುತ್ತಾರೆ. ಒತ್ತಿದಂತಾಗುತ್ತದೆ. ಮೈ ಬಿಗಿ ಹಿಡಿದಷ್ಟೂ ಜಾಸ್ತಿ ನೋವು, ಬಾಯಿಂದ ಉಸಿರು ಬಿಡಿ. ಎರಡು ಮೂರು ನಿಮಿಷದ ಮಾತು. ತಡೆಯಲಾಗದಿದ್ದರೆ ‘ನಿಲ್ಲಸ್ರಿ’ ಅನ್ನಿ.

ಗಂಡು ಡಾಕ್ಟರ್ ಆದರೆ ಇನ್ನೊಬ್ಬ ಹೆಂಗಸು ಕೋಣೆಯಲ್ಲಿರಬೇಕು. ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ, ಕೇಳಲು ಸಂಕೋಚ ಬೇಡ. ‘ಮದುವಿ ಆಗೇತೇನು?’ ಎಂದು ಕೇಳುವುದು ದೇಹ ಸಂಪರ್ಕ ಆಗಿದೆಯೇ ಎಂದು ತಿಳಿಯಲು. ನೇರವಾಗಿ ಕೇಳಿದರೆ ಒಳ್ಳೆಯದಿತ್ತು ಎಂಬುದು ನನ್ನ ತಕರಾರು. ನಿಜ ಹೇಳಿ. ಅವ್ವನೋ ಗಂಡನೋ ಎದುರಿಗಿದ್ದರೆ ಅವರನ್ನು ಹೊರಗೆ ಕಳಿಸಲು ಹೇಳಬಹುದು.

6. ‘ಚೀಲ ತೆಗೆಸಿಬಿಡಿ’ ಅಂದರೆ

ಇಲ್ಲಿ ನಾಚಿಕೆ ದುಬಾರಿಯಾಗುತ್ತದೆ. ಬೇಗ ಮುಗಿದರೆ ಸಾಕು ಎಂದು ತಲೆಯಾಡಿಸಿ ಬರುತ್ತೇವೆ. ರಾಣೆಬೆನ್ನೂರಿನಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಆರೋಪ ದೊಡ್ಡ ಸುದ್ದಿಯಾದದ್ದು, ಹೆಣ್ಣುಮಕ್ಕಳು ಬೀದಿಗಿಳಿದದ್ದು ಹಾವೇರಿ ಕಡೆಯವರಿಗೆ ನೆನಪಿರಬೇಕು. ಬಿಳಿ ಹೋಗುವುದೊಂದೇ ಕಾರಣಕ್ಕೆ ಗರ್ಭಚೀಲ ತೆಗೆಯುವುದಿಲ್ಲ. ರಕ್ತಸ್ರಾವಕ್ಕೂ ಹಲವು ಸಲ ಗುಳಿಗೆ ಇದೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ (ಕಾಪರ್-ಟಿಯಂಥದ್ದು) ಇದೆ. ಯಾಕೆ ತೆಗೆಯಬೇಕು, ಬೇರೆ ದಾರಿ ಏನು, ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ. ಮುಟ್ಟು ನಿಲ್ಲುವ ಮುಂಚೆಯೇ ಎರಡೂ ಅಂಡಾಶಯ ಹೋದರೆ ಮುಟ್ಟು ನಿಲ್ಲುವ ವಯಸ್ಸಿನ ಬದಲಾವಣೆಗಳು ಮೈಯಲ್ಲಿ ಒಮ್ಮೆಲೇ ಶುರುವಾಗುತ್ತವೆ, ಎಲುಬು ಬೇಗ ಸವೆಯುತ್ತವೆ. ತುರ್ತು ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರಿಗೆ ರಿಪೋರ್ಟ್ ತೋರಿಸಿ. ಅದಕ್ಕಾಗಿ ಎಲ್ಲ ಕಾಗದ ಕೇಳಿ ಇಸಿದುಕೊಳ್ಳಿ.

ಮುಂದಿನ ಪರೀಕ್ಷೆ ಯಾವಾಗ ಎಂದೂ ಬರೆಸಿಕೊಳ್ಳಿ. ಅಷ್ಟು ಮುಂದಿನ ಕ್ಯಾಲೆಂಡರ್ ಯಾರ ಮನೆಯಲ್ಲೂ ಇರುವುದಿಲ್ಲ. ಚಿಗವ್ವ ಆ ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾಳೆ. ಅಕ್ಕಿ ತರಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದಂತೆ.