ಕೂಸಿನ ಮಂಚಕ್ಕೆ ಹಾಸಿಗೆಯೊಂದೇ ಸಾಕು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ನಂಬಿದ ಮನೆ ನಮ್ಮದು. ನನ್ನ ಮೂರು ಹೆರಿಗೆಗಳಲ್ಲಿಯೂ ಮಗು ಮನೆಗೆ ಬಂದ ಮೇಲೆಯೇ ಅಟ್ಟದಿಂದ ತೊಟ್ಟಿಲು ಇಳಿದದ್ದು. ಆದರೂ ಮಂಚದ ವಿಷಯದಲ್ಲಿ ಮಾತ್ರ ಆ ಗಾದೆಯನ್ನು ಪಕ್ಕಕ್ಕಿಡಿ ಎಂದು ನನ್ನ ಹೆಣ್ಣುಮಕ್ಕಳಿಗೂ ಸೊಸೆಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಬಾಣಂತಿ ಆಸ್ಪತ್ರೆಯಲ್ಲಿರುವಾಗ ಮಗುವಿನ ಅಪ್ಪ ಒಬ್ಬನೇ ಓಡಿಹೋಗಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದ ಕಂಡದ್ದನ್ನು ಗಾಡಿಗೆ ಹೇರಿಸಿಕೊಂಡು ಬರುತ್ತಾನೆ. ಅಳತೆ ನೋಡಲು ಅವನಿಗೆ ಪುರಸೊತ್ತು ಇರುವುದಿಲ್ಲ. ಹೊಸ ವಾರ್ನಿಷ್ ವಾಸನೆ ಆರುವ ಮೊದಲೇ ಮಗು ಅದರಲ್ಲಿ ಮಲಗುತ್ತದೆ. ಎಂಟನೇ ತಿಂಗಳಲ್ಲಿ ಮಂಚ ತಂದು, ಕಿಟಕಿ ತೆರೆದ ಕೋಣೆಯಲ್ಲಿ ಮೂರು ವಾರ ಗಾಳಿಗೆ ಬಿಡಿ. ಶಾಸ್ತ್ರಕ್ಕೆ ಅಡ್ಡಿ ಎನ್ನುವ ಹಿರಿಯರು ಮನೆಯಲ್ಲಿದ್ದರೆ, ಹಾಸಿಗೆ ಹಾಸದೆ ಹಾಗೆಯೇ ನಿಲ್ಲಿಸಿ. ಹಾಸಿಗೆ ಹಾಸುವುದು ಮಗು ಬಂದ ದಿನ.

ಕಳೆದ ವರ್ಷ ಕಿರಿಯ ಮಗಳ ಜೊತೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಅಂಗಡಿಯ ಮುಂಭಾಗದಲ್ಲೇ ಒಂದು ಮಂಚ. ಸುತ್ತಲೂ ಗೇಣುದಪ್ಪದ ಮೆತ್ತೆ, ಅದಕ್ಕೆ ನೆರಿಗೆಯ ಅಂಚು, ಒಳಗೆ ಬಾತುಕೋಳಿಯಾಕಾರದ ಎರಡು ದಿಂಬು, ಕಾಲ ಬಳಿ ಮಡಿಸಿಟ್ಟ ರಜಾಯಿ, ತಲೆಯ ಮೇಲೆ ತೂಗುವ ಗೊಂಬೆಗಳು. "ಎಷ್ಟು ಮೆತ್ತಗಿದೆ ನೋಡಮ್ಮ" ಎಂದಳು ಮಗಳು. ನಾನು ಹಾಸಿಗೆಯ ನಡುವೆ ಅಂಗೈ ಒತ್ತಿ ತೆಗೆದೆ. ಗುರುತು ಹಾಗೆಯೇ ನಿಂತಿತ್ತು. ಅಂಗೈ ತೆಗೆದ ಕೂಡಲೇ ಹಾಸಿಗೆ ಮೊದಲಿನಂತಾಗಬೇಕು. ಅಷ್ಟು ಗಟ್ಟಿ ಇದ್ದರೆ ಮಾತ್ರ ಅದು ಕೂಸಿನ ಹಾಸಿಗೆ. ನಮಗೆ ಬೆನ್ನಿಗೆ ಒರಟೆನಿಸುವುದು ಮೂರು ಕಿಲೋ ತೂಕದ ಮೈಗೆ ಒರಟಲ್ಲ. ನಮಗೆ ಸುಖವೆನಿಸುವ ಮೆತ್ತನೆಯ ತಗ್ಗಿನಲ್ಲಿ ಆ ಮುಖ ಹೂತುಹೋಗುತ್ತದೆ.

ಇಷ್ಟು ಕಟ್ಟುನಿಟ್ಟಾಗಿ ಮಾತನಾಡುವುದಕ್ಕೆ ಕಾರಣವಿದೆ. ನಲವತ್ತು ವರ್ಷಗಳ ಹಿಂದೆ, ಬಸವನಗುಡಿಯ ಹಳೆಯ ಮನೆಯಲ್ಲಿ, ನನ್ನ ಮಗನಿಗೆ ಆಗ ನಾಲ್ಕು ತಿಂಗಳು ತುಂಬಿತ್ತು. ಉರುಳಿ ಬಿದ್ದಾನೆಂದು ಅವನ ಎರಡು ಮಗ್ಗುಲಿಗೂ ಬೂರುಗದ ಹತ್ತಿಯ ದಿಂಬು ಒತ್ತಿಟ್ಟು ನೀರು ಹಿಡಿಯಲು ಹೋಗಿದ್ದೆ. ಅಂದು ಮೊದಲ ಬಾರಿಗೆ ಅವನು ಮಗುಚಿಕೊಂಡಿದ್ದ. ಮುಖ ದಿಂಬಿನೊಳಗೆ ಸಿಕ್ಕಿಬಿಟ್ಟಿತ್ತು. ಅಳಲು ಬಾಯಿ ಬಿಡುವಂತಿರಲಿಲ್ಲ, ಹಾಗಾಗಿ ಸದ್ದೇ ಇಲ್ಲ. ಪೂಜೆ ಮುಗಿಸಿ ಬಂದ ಅತ್ತೆಯವರು ಎತ್ತಿಕೊಂಡಾಗ ತುಟಿ ನೀಲಿಯಾಗಿತ್ತು. ಅವರು ಬೆನ್ನು ನೀವಿದರು, ಅವನು ಅತ್ತ. ಆ ಅಳು ಇಂದಿಗೂ ನನ್ನ ಕಿವಿಯಲ್ಲಿದೆ. ಆ ದಿಂಬುಗಳನ್ನು ಇಟ್ಟದ್ದು ನನ್ನ ಪ್ರೀತಿಯೇ. ಆದ್ದರಿಂದಲೇ ಹೇಳುತ್ತೇನೆ, ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಮಂಚದಲ್ಲಿ ದಿಂಬು, ರಜಾಯಿ, ಮೆತ್ತೆ, ಗೊಂಬೆ ಯಾವುದೂ ಬೇಡ. ಗಟ್ಟಿ ಹಾಸಿಗೆ, ಬಿಗಿಯಾಗಿ ಸಿಕ್ಕಿಸಿದ ಒಂದು ಹೊದಿಕೆ, ಅದರ ಮೇಲೆ ಅಂಗಾತ ಮಲಗಿದ ಮಗು.

ಅಂಗಾತ ಎಂದ ಕೂಡಲೇ ಹಿರಿಯರು ಒಪ್ಪುವುದಿಲ್ಲ. ಹಾಲು ಕಕ್ಕಿದರೆ ಗಂಟಲಿಗೆ ಸಿಕ್ಕೀತು, ಮಗ್ಗುಲಾಗಿಯೋ ಬೋರಲಾಗಿಯೋ ಮಲಗಿಸು ಎನ್ನುತ್ತಾರೆ. ನನಗೂ ಹಾಗೆಯೇ ಕಲಿಸಿದ್ದರು. ಆದರೆ ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಉಸಿರಿನ ದಾರಿಗೆ ಬೀಳುವುದು ಸುಲಭವಲ್ಲ. ಬೋರಲಾದರೆ ಮೇಲೆ ಕೆಳಗಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಬೋರಲು ಮಲಗಿಸುವುದನ್ನು ಬಿಡಿ ಎಂದು ಹೇಳಿತು. ತಾಯಂದಿರು ಅದನ್ನು ಪಾಲಿಸತೊಡಗಿದ ಮೇಲೆ, ಆರೋಗ್ಯವಾಗಿದ್ದ ಮಕ್ಕಳು ಕಾರಣವೇ ತಿಳಿಯದೆ ನಿದ್ದೆಯಲ್ಲಿ ತೀರಿಕೊಳ್ಳುವುದು ಅಲ್ಲಿ ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ಎರಡರಿಂದ ನಾಲ್ಕು ತಿಂಗಳ ನಡುವಿನ ಕಾಲ ಎಲ್ಲಕ್ಕಿಂತ ಸೂಕ್ಷ್ಮ. ಕುತ್ತಿಗೆ ಇನ್ನೂ ನಿಂತಿರುವುದಿಲ್ಲ. ಮೆತ್ತನೆಯದಕ್ಕೆ ಮುಖ ತಾಗಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಗು ತಾನಾಗಿ ಎರಡು ಕಡೆಗೂ ಮಗುಚಲು ಕಲಿತ ಮೇಲೆ, ನಿದ್ದೆಯಲ್ಲಿ ಹೊರಳಿದ್ದನ್ನು ಮತ್ತೆ ಮತ್ತೆ ತಿರುಗಿಸುವ ಅಗತ್ಯವಿಲ್ಲ. ಮಲಗಿಸುವಾಗ ಅಂಗಾತ ಮಲಗಿಸಿದರೆ ಸಾಕು.

ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಈ ಲೆಕ್ಕದಲ್ಲಿ ಬೇಡವೇ. ಅದರ ಬದಲು ಮಗು ಎಚ್ಚರವಿರುವಾಗ, ನೀವು ಪಕ್ಕದಲ್ಲೇ ಕುಳಿತು, ಚಾಪೆಯ ಮೇಲೆ ದಿನಕ್ಕೆ ನಾಲ್ಕಾರು ಸಲ ಬೋರಲು ಮಲಗಿಸಿ. ಮಂಚದಲ್ಲಿ ಒಂದು ದಿನ ಈ ತುದಿಗೆ ತಲೆ, ಮರುದಿನ ಆ ತುದಿಗೆ. ಬೆಳಕು ಬರುವ ಕಡೆಗೆ ಮಗು ತಿರುಗುವುದರಿಂದ ತಲೆಯ ಒಂದೇ ಪಕ್ಕ ಚಪ್ಪಟೆಯಾಗುವುದಿಲ್ಲ.

ಇನ್ನು ಮಂಚದ ಕಟ್ಟುಮಸ್ತು. ಅಂಗಡಿಗೆ ಹೋಗುವಾಗ ದರ್ಜಿಯ ಟೇಪು ಚೀಲದಲ್ಲಿರಲಿ. ಸರಳು ಸರಳಿನ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವುದು ಅದಕ್ಕಿಂತ ಅಗಲವಾದ ಸಂದಿನಲ್ಲಿ. ಸರಳುಗಳು ನೆಟ್ಟಗೆ ನಿಂತಿರಬೇಕು. ಅಡ್ಡ ಸರಳಿದ್ದರೆ ಒಂಬತ್ತನೇ ತಿಂಗಳಿಗೆ ಅದು ಏಣಿಯಾಗುತ್ತದೆ. ತಲೆಯ ಹಲಗೆಯಲ್ಲಿ ಹೂಬಳ್ಳಿ ಕೊರೆದ ತೂತುಗಳಿದ್ದರೆ, ನಾಲ್ಕು ಮೂಲೆಗಳಲ್ಲಿ ಕಡೆದ ಗುಬುಟುಗಳು ಮೇಲಕ್ಕೆ ಎದ್ದಿದ್ದರೆ ಬಿಟ್ಟುಬಿಡಿ. ನಿಲ್ಲಲು ಕಲಿತ ಮಗುವಿನ ಅಂಗಿಯ ಕುತ್ತಿಗೆ ಅವಕ್ಕೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ಕಟ್ಟುವ ಕಪ್ಪು ದಾರಕ್ಕೂ ಇದೇ ಮಾತು. ದೃಷ್ಟಿಗೆಂದು ಬೇಕಿದ್ದರೆ ಕೆನ್ನೆಗೋ ಪಾದಕ್ಕೋ ಒಂದು ಬೊಟ್ಟು ಇಡಿ, ಕೊರಳಿಗೆ ದಾರ ಕಟ್ಟಿ ಮಲಗಿಸಬೇಡಿ.

ಒಂದು ಪಕ್ಕ ಜಾರಿ ಕೆಳಗಿಳಿಯುವ ಮಂಚ ಬಾಣಂತಿಗೆ ಅನುಕೂಲ ಎಂದು ಅಂಗಡಿಯವರು ತೋರಿಸುತ್ತಾರೆ. ಬಗ್ಗಿ ಎತ್ತುವ ಕಷ್ಟ ನನಗೂ ಗೊತ್ತು. ಆದರೆ ಆ ಜಾರುವ ಪಕ್ಕದ ಕೊಂಡಿ ಸವೆದು ಸಡಿಲವಾದಾಗ ಹಾಸಿಗೆಗೂ ಪಕ್ಕಕ್ಕೂ ನಡುವೆ ಸಂದು ಬಿಟ್ಟು ಮಕ್ಕಳು ಸಿಕ್ಕಿಕೊಂಡ ಕಾರಣಕ್ಕೇ ಅಮೆರಿಕದಲ್ಲಿ 2011ರಿಂದ ಅಂಥ ಮಂಚಗಳ ಮಾರಾಟವನ್ನು ನಿಲ್ಲಿಸಿದರು. ಸುತ್ತ ಕಟ್ಟುವ ಮೆತ್ತೆಗಳನ್ನೂ ಅಲ್ಲಿ 2022ರ ಕಾನೂನಿನಿಂದ ನಿಷೇಧಿಸಿದ್ದಾರೆ. ನಮ್ಮ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಆದ್ದರಿಂದ ಬೇಡವೆನ್ನಬೇಕಾದವರು ನಾವೇ. ನಾಲ್ಕು ಪಕ್ಕವೂ ಅಲುಗದಂತೆ ನಿಂತಿದ್ದು, ಹಾಸಿಗೆಯ ಹಲಗೆಯನ್ನು ಎರಡು ಮೂರು ಎತ್ತರಕ್ಕೆ ಕೂರಿಸಬಹುದಾದ ಮಂಚ ಕೊಳ್ಳಿ. ಮೊದಲ ತಿಂಗಳುಗಳಲ್ಲಿ ಹಲಗೆ ಮೇಲಿರಲಿ, ಸೊಂಟಕ್ಕೆ ಸುಖ. ಮಗು ಕೂರಲು ತೊಡಗಿದೊಡನೆ ಇಳಿಸಿ. ಸರಳು ಹಿಡಿದು ಏಳುವ ಹೊತ್ತಿಗೆ ತೀರಾ ಕೆಳಗಿರಬೇಕು. ಆಗ ಹಲಗೆಯಿಂದ ಮೇಲಿನ ಪಟ್ಟಿಗೆ 60 ಸೆಂಟಿಮೀಟರಾದರೂ ಎತ್ತರವಿರಲಿ. ತೂಗುವ ಗೊಂಬೆ ಕಟ್ಟಿದ್ದರೆ, ಮಗು ಅಂಗೈ ಮಂಡಿ ಊರಿ ಏಳಲು ಹವಣಿಸಿದ ದಿನವೇ ಬಿಚ್ಚಿಡಿ. ಮಗುವಿನ ಎತ್ತರ 90 ಸೆಂಟಿಮೀಟರ್ ಮುಟ್ಟಿದರೆ, ಅಥವಾ ಅದಕ್ಕೂ ಮೊದಲೇ ಕಾಲೆತ್ತಿ ದಾಟಲು ನೋಡಿದರೆ, ಆ ಮಂಚದ ಕೆಲಸ ಮುಗಿಯಿತು.

ಹಾಸಿಗೆಯನ್ನು ಮಂಚದ ಒಳ ಅಳತೆ ತೆಗೆದುಕೊಂಡೇ ಮಾಡಿಸಿ. 60ಕ್ಕೆ 120 ಸೆಂಟಿಮೀಟರಿನದು ಸಾಮಾನ್ಯವಾಗಿ ಸಿಗುತ್ತದೆ, ಆದರೆ ಎಲ್ಲ ಮಂಚವೂ ಹಾಗೆಯೇ ಇರುವುದಿಲ್ಲ. ಹಾಸಿಗೆಗೂ ಪಕ್ಕಕ್ಕೂ ನಡುವೆ ಎರಡು ಬೆರಳು ತೂರಿದರೆ ಹಾಸಿಗೆ ಚಿಕ್ಕದಾಯಿತು ಎಂದೇ ಅರ್ಥ. ಆ ಸಂದಿಗೆ ಬಟ್ಟೆ ತುರುಕಿ ಸರಿಮಾಡಲು ಹೋಗಬೇಡಿ, ಹಾಸಿಗೆಯನ್ನೇ ಬದಲಿಸಿ. ಒತ್ತಾಗಿ ಅದುಮಿದ ತೆಂಗಿನ ನಾರಿನ ಹಾಸಿಗೆ ನನಗೆ ಮೆಚ್ಚು. ನಾಲ್ಕು ಅಂಗುಲ ದಪ್ಪ ಧಾರಾಳವಾಯಿತು. ಹತ್ತಿ ಹಾಸಿಗೆ ಹೊಸದಾಗಿ ಎಕ್ಕಿಸಿದಾಗ ಉಬ್ಬಿ ಮೆತ್ತಗಿರುತ್ತದೆ, ಆರು ತಿಂಗಳಿಗೆ ಗಂಟುಗಂಟಾಗಿ ತಗ್ಗು ಬೀಳುತ್ತದೆ. ದೊಡ್ಡವರಿಗೆ ಅದು ಚೆನ್ನ, ಕೂಸಿಗೆ ಬೇಡ. ಒದ್ದೆಯಾಗದಿರಲೆಂದು ರಬ್ಬರ್ ಹಾಳೆ ಹಾಕುವುದಾದರೆ ಹೊದಿಕೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಹಾಸಿಗೆ ಸುತ್ತಿಕೊಂಡು ಬಂದ ತೆಳು ಪ್ಲಾಸ್ಟಿಕ್ಕನ್ನು ಅಂದೇ ಮನೆಯಿಂದ ಹೊರಗೆ ಹಾಕಿ.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಒಬ್ಬರ ಮಂಚ ಇನ್ನೊಬ್ಬರ ಮನೆಗೆ ಹೋಗುವುದು ಒಳ್ಳೆಯ ಪದ್ಧತಿ, ನಾನದನ್ನು ಆಡಿಕೊಳ್ಳುವುದಿಲ್ಲ. ಆದರೆ ಬಿಚ್ಚಿ ಜೋಡಿಸುವಾಗ ಒಂದೆರಡು ಬೋಲ್ಟು ಕಳೆದಿರುತ್ತದೆ, ಅದರ ಜಾಗದಲ್ಲಿ ತಂತಿಯೋ ಮೊಳೆಯೋ ಬಂದಿರುತ್ತದೆ. ಬಡಗಿಯನ್ನು ಕರೆಸಿ ತಿರುಪುಗಳನ್ನೆಲ್ಲ ಬಿಗಿಸಿ, ಸಿಬಿರು ಏಳದಂತೆ ಉಜ್ಜಿಸಿ, ಕೀಲುಗಳಲ್ಲಿ ತಿಗಣೆ ಇದೆಯೇ ನೋಡಿ. ಬಣ್ಣ ಬಳಿದ ಹಳೆಯ ಮಂಚವನ್ನು ಮಾತ್ರ ಯಾರು ಎಷ್ಟೇ ಅಕ್ಕರೆಯಿಂದ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಹಲ್ಲು ಬರುವ ಕಾಲಕ್ಕೆ ಮಗು ಮೇಲಿನ ಪಟ್ಟಿಯನ್ನು ಇಲಿಯಂತೆ ಕಡಿಯುತ್ತದೆ. ಸೀಸ ಹೊಟ್ಟೆ ಸೇರಿದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು. ಹಳೆ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯುತ್ತೇವೆ ಎಂದು ಮನೆಯೊಳಗೆ ಧೂಳೆಬ್ಬಿಸುವುದು ಇನ್ನೂ ಕೆಟ್ಟದ್ದು.

ಮಂಚ ನಿಂತ ಮೇಲೆ ಒಂದು ಪರೀಕ್ಷೆ. ನಾಮಕರಣದ ದಿನ ತೊಟ್ಟಿಲಿಗೆ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುವ ಶಾಸ್ತ್ರ ನಮ್ಮಲ್ಲಿದೆ. ಹಗ್ಗ, ಕೊಂಡಿ, ಹಲಗೆ ಭಾರ ತಡೆಯುತ್ತವೆಯೇ ಎಂದು ಹಿಂದಿನವರು ಅದರಿಂದಲೇ ನೋಡುತ್ತಿದ್ದರೆಂದು ನನ್ನ ಎಣಿಕೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಹತ್ತು ಕಿಲೋ ಅಕ್ಕಿಯ ಚೀಲವನ್ನು ಹಲಗೆಯ ಮೇಲಿಟ್ಟು ನಾಲ್ಕು ಕಡೆಯಿಂದಲೂ ಮಂಚವನ್ನು ಅಲ್ಲಾಡಿಸಿದೆ. ಖಾಲಿ ತೊಟ್ಟಿಲು ತೂಗಬಾರದೆಂದು ಬೀಗಿತ್ತಿ ಮೆಲ್ಲಗೆ ಹೇಳಿದರು. ಖಾಲಿ ಇಲ್ಲವಲ್ಲ, ಅಕ್ಕಿ ಇದೆ ಎಂದೆ. ಕಿರುಗುಟ್ಟಿದ ಒಂದು ಕೀಲನ್ನು ಅಳಿಯಂದಿರು ಅಂದೇ ಬಿಗಿಸಿದರು. ಚಕ್ರಗಳಿದ್ದರೆ ಬೀಗ ಬೀಳುವಂಥವೇ ಇರಲಿ.

ಮಂಚವನ್ನು ಮೊದಲ ಆರು ತಿಂಗಳಾದರೂ ನಿಮ್ಮ ಕೋಣೆಯಲ್ಲೇ, ನಿಮ್ಮ ಹಾಸಿಗೆಗೆ ಕೈಗೆಟಕುವಷ್ಟು ಹತ್ತಿರದಲ್ಲಿ ಇಡಿ. ಕಿಟಕಿಯ ಕೆಳಗೆ ಬೇಡ. ಪರದೆಯ ದಾರ, ಮೊಬೈಲ್ ಚಾರ್ಜರಿನ ತಂತಿ ಕೈಗೆ ಸಿಗಬಾರದು. ಮಳೆಗಾಲದಲ್ಲಿ ಶೀತ ಹಿಡಿಯುವ ಹೊರಗೋಡೆಗೂ ತಾಗಿಸಬೇಡಿ. ಬೆಂಗಳೂರಿನಲ್ಲಿ ಸೊಳ್ಳೆಯ ಕಾಟ ತಪ್ಪಿದ್ದಲ್ಲ, ಡೆಂಗಿಯ ಸೊಳ್ಳೆಯಂತೂ ಕಚ್ಚುವುದು ಹಗಲಿನಲ್ಲಿ. ಹಾಗಾಗಿ ಹಗಲು ನಿದ್ದೆಗೂ ಪರದೆ ಬೇಕು. ಪರದೆ ಮಂಚದ ಹೊರಗಿನಿಂದ ಬಿಗಿಯಾಗಿ ಇಳಿದಿರಲಿ, ಜೋತು ಒಳಗೆ ಬಿದ್ದು ಮಗುವಿನ ಕೈಗೆ ಸಿಗದಿರಲಿ. ಸೊಳ್ಳೆಬತ್ತಿಯನ್ನು ಆ ಕೋಣೆಯಲ್ಲಿ ಹಚ್ಚಬೇಡಿ. ಸಾಂಬ್ರಾಣಿ ಹೊಗೆ ನನಗೆ ಪ್ರಾಣ, ಆದರೂ ಎಳೆಯ ಶ್ವಾಸಕೋಶಕ್ಕೆ ಅದೂ ಹೊಗೆಯೇ. ಮೊಮ್ಮಗುವಿಗೆ ನೀರು ಹಾಕಿದ ದಿನಗಳಲ್ಲಿ ನಾನು ಅದನ್ನು ದೇವರ ಮನೆಗೆ ಮಾತ್ರ ಇಟ್ಟುಕೊಂಡೆ.

ಚಳಿಯ ಮಾತು ಬಂದರೆ ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿ 15 ಡಿಗ್ರಿಗೆ ಇಳಿಯುವುದುಂಟು. ಆದರೆ ಮುಚ್ಚಿದ ಕೋಣೆಯೊಳಗೆ ಅಷ್ಟು ಚಳಿ ಇರುವುದಿಲ್ಲ. ನೀವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಸಾಕು. ಕುತ್ತಿಗೆಯ ಹಿಂದೆ ಕೈ ಇಟ್ಟು ನೋಡಿ: ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಅಂಗೈ ಅಂಗಾಲು ತಣ್ಣಗಿರುವುದು ಎಳೆಗೂಸಿಗೆ ಸಹಜ, ಅದನ್ನು ನೋಡಿ ಹೆದರಬೇಡಿ. ಮೈಯ ಕಾವು ಹೊರಹೋಗುವುದು ತಲೆಯಿಂದಲೂ ಹೌದು. ಆದ್ದರಿಂದ ಮನೆಯೊಳಗೆ ನಿದ್ದೆಮಾಡುವಾಗ ಕುಲಾವಿ ಬಿಚ್ಚಿ. ಅದು ಜಾರಿ ಮೂಗಿಗೆ ಬೀಳುವ ಭಯವೂ ತಪ್ಪುತ್ತದೆ. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಿಗೆ ನಿಮ್ಮ ವೈದ್ಯರು ಹೇಳಿದ್ದೇ ನಡೆಯಲಿ.

ಜೋಲಿಯ ಬಗ್ಗೆ ಕೇಳಿಯೇ ಕೇಳುತ್ತೀರಿ. ನಾನು ಜೋಲಿಯಲ್ಲಿ ಬೆಳೆದವಳು, ನನ್ನ ಮಕ್ಕಳನ್ನೂ ಅದರಲ್ಲೇ ತೂಗಿದವಳು. ಅಳುವ ಮಗುವನ್ನು ಸಮಾಧಾನಪಡಿಸಲು ಅದಕ್ಕೆ ಸಮ ಇಲ್ಲ. ಆದರೆ ಬಟ್ಟೆ ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ಗದ್ದ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ನೀವು ಕಣ್ಣಿಟ್ಟು ಪಕ್ಕದಲ್ಲೇ ಕುಳಿತಿರುವಷ್ಟು ಹೊತ್ತು ತೂಗಿ, ನಿದ್ದೆ ಹತ್ತಿದ ಮೇಲೆ ಎತ್ತಿ ಮಂಚಕ್ಕೆ ಹಾಕಿ. ರಾತ್ರಿಯಿಡೀ ಜೋಲಿಯಲ್ಲಿ ಬಿಡಬೇಡಿ. ದೊಡ್ಡ ಮಗು ಮನೆಯಲ್ಲಿದ್ದರೆ, ಕೆಲಸ ಮುಗಿದೊಡನೆ ಜೋಲಿಯನ್ನು ಬಿಚ್ಚಿ ಮಡಿಸಿಡಿ, ಆಟಕ್ಕೆಂದು ಅವರು ಕುತ್ತಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಮಂಚಕ್ಕೆ ಹಾಕಿದೊಡನೆ ಎಚ್ಚರವಾಗುತ್ತದೆ ಎಂದು ಮಗಳು ಮೊದಲ ವಾರವೆಲ್ಲ ಅತ್ತಳು. ಪಾದ ಮೊದಲು, ಆಮೇಲೆ ಬೆನ್ನು, ಕೊನೆಗೆ ತಲೆ ತಾಗುವಂತೆ ಇಳಿಸು ಎಂದೆ. ತಲೆ ಮೊದಲು ಕೆಳಗಾದರೆ ಬಿದ್ದಂತಾಗಿ ಮಗು ಬೆಚ್ಚುತ್ತದೆ. ಇಳಿಸಿದ ಮೇಲೆ ಎದೆಯ ಮೇಲಿನ ಅಂಗೈಯನ್ನು ಒಂದೆರಡು ನಿಮಿಷ ತೆಗೆಯಬೇಡ. ಜೊತೆಗೆ, ಅವಳು ಉಟ್ಟು ಉಟ್ಟು ನುಣುಪಾದ ಎರಡು ಹತ್ತಿ ಸೀರೆಗಳನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ಸುತ್ತ ಎಲಾಸ್ಟಿಕ್ ಕೂಡಿಸಿ ಹಾಸಿಗೆಯ ಹೊದಿಕೆ ಹೊಲಿದೆ. ಎರಡು ಸೀರೆಗೆ ಮೂರು ಹೊದಿಕೆಗಳಾದವು. ಹೊಲಿಗೆಯ ಅಂಚು ಹಾಸಿಗೆಯ ಅಡಿಗೆ ಮಡಚುವಂತೆ ಪ್ರತಿ ಪಕ್ಕಕ್ಕೂ ಒಂದು ಗೇಣು ಹೆಚ್ಚು ಬಟ್ಟೆ ಬಿಟ್ಟಿದ್ದೆ. ಮಗು ಎಷ್ಟು ಒದ್ದರೂ ಅದು ಕಿತ್ತು ಮೇಲೆ ಬರಲಿಲ್ಲ.