ಆರನೇ ದಿನವೂ ಮೆತ್ತಗಿರುವ ವೀಗನ್ ಪ್ರೋಟೀನ್ ಬಾರ್: ನನ್ನ ಅನುಭವ

ಮೊನ್ನೆ ನನ್ನ ಗೆಳೆಯ ಫ್ರಿಜ್ ತೆಗೆದು, ಡಬ್ಬಿಯಿಂದ ಒಂದು ಬಾರ್ ಎತ್ತಿಕೊಂಡು, ಒಂದು ಮಾತೂ ಕೇಳದೆ ತಿಂದು ಮುಗಿಸಿದ. ಆಮೇಲೆ ಇನ್ನೊಂದಕ್ಕೆ ಕೈ ಹಾಕಿದ. ಅದು ಹಾಲು, ಬೆಣ್ಣೆಯಂಥ ಪ್ರಾಣಿಮೂಲದ್ದು ಏನೂ ಇಲ್ಲದ ವೀಗನ್ ಬಾರ್, ಮಾಡಿ ಆರು ದಿನವಾಗಿತ್ತು. ಹೋದ ವರ್ಷ ಇದೇ ಮನುಷ್ಯ ನನ್ನ ಮೊದಲ ಬ್ಯಾಚಿನ ತುಂಡನ್ನು ಮೇಜಿಗೆ ಟಕಟಕ ಬಡಿದು, "ಇದನ್ನ ಗೋಡೆ ಕಟ್ಟೋಕೆ ಇಟ್ಕೋ ಕಣೋ" ಅಂದಿದ್ದ. ಹಾಲಿನ ಪ್ರೋಟೀನ್ ಇಲ್ಲದೆ ಬಾರ್ ಮೆತ್ತಗೆ ಬರುವುದೇ ಇಲ್ಲ, ಸುಮ್ನೆ ದುಡ್ಡು ಹಾಳು ಮಾಡಬೇಡ ಅಂತ ಉಪದೇಶ ಬೇರೆ. ಅವನು ಎರಡನೇ ಬಾರ್ ತಿನ್ನುವಾಗ ನಾನು ಏನೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಓವನ್ ಇಲ್ಲದೆ ಬಾರ್ ಮಾಡೋದು ಹೇಗೆ ಅಂತ ನಿಮಗೆ ಗೊತ್ತೇ ಇರುತ್ತದೆ. ಖರ್ಜೂರ ರುಬ್ಬು, ಪೀನಟ್ ಬಟರ್ ಸೇರಿಸು, ಪ್ರೋಟೀನ್ ಪುಡಿ ಕಲಸು, ತಟ್ಟೆಗೆ ಒತ್ತು, ಚಾಕೊಲೇಟ್ ಸುರಿ. ಅಷ್ಟೇ. ಹಾಗೆ ಮಾಡಿದರೆ ಆ ಸಂಜೆ ಬಾರ್ ಅದ್ಭುತವಾಗಿಯೇ ಇರುತ್ತದೆ. ಗ್ರಹಚಾರ ಶುರುವಾಗೋದು ನಾಲ್ಕನೇ ದಿನ.

ನಾನು ಮೊದಲ ಮೂರು ಬ್ಯಾಚುಗಳಲ್ಲೂ ಇದೇ ತಪ್ಪು ಮಾಡಿದೆ. ಮಾಡಿದ ಸಂಜೆಯೇ ರುಚಿ ನೋಡಿ, ಫೋಟೋ ತೆಗೆದು ಎಲ್ಲರಿಗೂ ಕಳಿಸಿಬಿಡುತ್ತಿದ್ದೆ. ಎರಡನೇ ದಿನ ಸ್ವಲ್ಪ ಬಿಗಿ. ಮೂರನೇ ದಿನ ದವಡೆ ನೋವು. ನಾಲ್ಕನೇ ದಿನ ಚಾಕು ಇಳಿಯುತ್ತಿರಲಿಲ್ಲ, ತುಂಡು ಸಿಡಿದು ನೆಲಕ್ಕೆ ಬೀಳುತ್ತಿತ್ತು. ಕಾರಣ ತುಂಬಾ ತಡವಾಗಿ ತಲೆಗೆ ಹೋಯಿತು. ಬಟಾಣಿ ಪ್ರೋಟೀನ್ ಪುಡಿಯ ದಾಹ ದೊಡ್ಡದು, ಆದರೆ ಅದು ಕುಡಿಯೋದು ನಿಧಾನ. ಕಲಸುವಾಗ ಹದವಾಗಿದೆ ಅನ್ನಿಸಿದರೂ, ಆಮೇಲೆ ದಿನಗಟ್ಟಲೆ ಖರ್ಜೂರದ ತೇವವನ್ನು ಎಳೆಯುತ್ತಲೇ ಇರುತ್ತದೆ. ಇತ್ತ ಸಕ್ಕರೆಯೂ ಅದೇ ನೀರಿಗಾಗಿ ಜಗ್ಗುತ್ತದೆ. ಇಬ್ಬರ ಜಗಳದಲ್ಲಿ ಬಾರ್ ಕಲ್ಲಾಗುತ್ತದೆ.

ಹಾಗಾದರೆ ನೀರು ಜಾಸ್ತಿ ಹಾಕಿದರಾಯಿತು ಅಂದುಕೊಂಡೆ. ಖರ್ಜೂರವನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರಿನ ಸಮೇತ ರುಬ್ಬಿದೆ. ಬಾರ್ ಮೆತ್ತಗೇ ಬಂತು. ಖುಷಿಯಲ್ಲಿ ಡಬ್ಬಿಯನ್ನು ಹೊರಗೇ ಇಟ್ಟೆ. ಆರನೇ ದಿನ ಮುಚ್ಚಳ ತೆಗೆದರೆ ಮೂಲೆಯ ಎರಡು ಬಾರ್ ಮೇಲೆ ಬಿಳಿ ಹತ್ತಿಯಂಥ ಬೂಸ್ಟು. ಹನ್ನೆರಡೂ ಕಸಕ್ಕೆ ಹೋದವು. ಬೂಸ್ಟು ಬಂದ ಕಡೆ ಮಾತ್ರ ಕತ್ತರಿಸಿ ಉಳಿದದ್ದು ತಿನ್ನಬಹುದಲ್ವಾ ಅಂತ ಒಂದು ಕ್ಷಣ ಆಸೆಯಾಗಿದ್ದು ನಿಜ. ಮೆತ್ತಗಿನ ತಿನಿಸಿನಲ್ಲಿ ಅದು ಕಣ್ಣಿಗೆ ಕಾಣದ ಕಡೆಗೂ ಹರಡಿರುತ್ತದೆ, ಆ ಕೆಲಸ ಮಾಡಬೇಡಿ.

ಮುಂದಿನದರಲ್ಲಿ ನೀರು ಬಿಟ್ಟು ಪಾಕ ನಂಬಿದೆ. ಸಿರಪ್ಪನ್ನು ಕುದಿಸಿ ಬಿಸಿಬಿಸಿಯಾಗಿ ಸುರಿದೆ. ಕುದಿಸಿದರೆ ಅದರಲ್ಲಿದ್ದ ನೀರೂ ಹೋಗಿ, ಆರಿದ ಮೇಲೆ ಗಟ್ಟಿ ಮಿಠಾಯಿ ಆಗುತ್ತದೆ ಅನ್ನೋ ಸಾಮಾನ್ಯ ಜ್ಞಾನ ಆ ದಿನ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ತೆಂಗಿನೆಣ್ಣೆ ಹೆಚ್ಚಿಸಿದ ಬ್ಯಾಚಿನದು ಇನ್ನೊಂದು ಕಥೆ. ಫ್ರಿಜ್‌ನಲ್ಲಿ ಕಲ್ಲು, ಹೊರಗೆ ತೆಗೆದರೆ ಕೈಯೆಲ್ಲ ಜಿಡ್ಡು. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಅದನ್ನು ನಂಬಿ ಬಾರ್ ಕಟ್ಟಬಾರದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನಗೆ ಕೈ ಜಿಡ್ಡಾಗಿದ್ದಷ್ಟೇ ಬಂತು, ಮೊಸರಂತೂ ವೀಗನ್ ಅಡುಗೆಮನೆಯಲ್ಲಿ ಮೊದಲೇ ಇಲ್ಲ.

ಕೊನೆಗೆ ದಾರಿ ತೋರಿಸಿದ್ದು ನನ್ನ ಜಿಪುಣತನ. ಕಿಲೋ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ ಅಂತ ಒಂದು ಸಲ ಐದು ಕಿಲೋ ಅಕ್ಕಿ ಪ್ರೋಟೀನ್ ತರಿಸಿದ್ದೆ. ಬಾಯಿಗೆ ಹಾಕಿದರೆ ನುಣ್ಣನೆ ಮರಳು. ಎಸೆಯಲು ಮನಸ್ಸು ಬರಲಿಲ್ಲ. ಖಾಲಿಯಾದರೆ ಸಾಕು ಅಂತ ಬಟಾಣಿ ಪುಡಿ ಸ್ವಲ್ಪ ಕಡಿಮೆ ಮಾಡಿ, ಅದರ ಜಾಗಕ್ಕೆ ಇದನ್ನು ತುಂಬಿದೆ. ಆ ಬಾರ್ ನಾಲ್ಕನೇ ದಿನ ಹಲ್ಲಿಗೆ ಸಿಕ್ಕಿತು! ಅಕ್ಕಿ ಪ್ರೋಟೀನ್ ಬಟಾಣಿಯಷ್ಟು ನೀರು ಕುಡಿಯಲ್ಲ, ಅದಕ್ಕೇ. ಮರಳು ಮರಳಾಗೋದು ಅದೊಂದನ್ನೇ ಹಾಕಿದಾಗ. ಬಟಾಣಿಯ ಅಂಟಿನೊಳಗೆ ಸೇರಿಕೊಂಡರೆ ಅಷ್ಟು ಗೊತ್ತಾಗಲ್ಲ. ಮೆಥಿಯೋನಿನ್, ಲೈಸಿನ್ ಅಂತ ದೇಹಕ್ಕೆ ಬೇಕಾದ ಎರಡು ಅಮೈನೋ ಆಮ್ಲಗಳಿವೆ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು). ಬಟಾಣಿಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಬಟಾಣಿಯಲ್ಲಿದೆ, ಹಾಗಾಗಿ ಜೋಡಿ ಆ ಲೆಕ್ಕದಲ್ಲೂ ಸರಿಹೋಯಿತು. ಬಟಾಣಿ ಜಾಸ್ತಿ, ಅಕ್ಕಿ ಕಡಿಮೆ. ಎಷ್ಟಕ್ಕೆ ಎಷ್ಟು ಅಂತ ಮಾತ್ರ ಕೇಳಬೇಡಿ. ಐದು ಕಿಲೋ ಚೀಲ ಎಂಟು ತಿಂಗಳು ಕಾದು ಕಲಿತದ್ದು, ಅದು ನನ್ನ ಹತ್ತಿರವೇ ಇರಲಿ.

ಅರ್ಧ ಸಮಸ್ಯೆ ಹಾಗೆ ಹೋಯಿತು. ಉಳಿದರ್ಧ ಹೋಗಿದ್ದು ಪುಡಿಗೆ ಮೊದಲೇ ನೀರು ಕುಡಿಸಿದಾಗ. ನೀರು ಕೊಡಬೇಕಾಗಿದ್ದು ಖರ್ಜೂರಕ್ಕಲ್ಲ, ಪುಡಿಗೆ. ಈಗ ನಾನು ಮಾಡೋದು ಹೀಗೆ. ಎರಡೂ ಸೇರಿ ಸುಮಾರು 120 ಗ್ರಾಂ ಪುಡಿ, ಅದಕ್ಕೆ 100 ಮಿಲಿ ಉಗುರುಬೆಚ್ಚಗಿನ ಸೋಯಾ ಹಾಲು, 80 ಗ್ರಾಂ ಖರ್ಜೂರದ ಸಿರಪ್. ಬೇರೇನೂ ಇಲ್ಲ. ಕಲಸಿದ ತಕ್ಷಣ ನೋಡಿದರೆ ಗಂಟು ಗಂಟು, ಚಮಚಕ್ಕೆ ಅಂಟಿಕೊಂಡು ಬರುತ್ತದೆ, ಮೇಲೆ ಪಳಪಳ ಹೊಳೆಯುತ್ತಿರುತ್ತದೆ. ಕೆಟ್ಟೇಹೋಯಿತು ಅನ್ನಿಸುತ್ತದೆ. ಮುಚ್ಚಿಟ್ಟು ಅರ್ಧ ಗಂಟೆ ಆ ಕಡೆ ತಿರುಗಿಯೂ ನೋಡಬೇಡಿ. ಆಮೇಲೆ ಮುಚ್ಚಳ ತೆಗೆದರೆ ಹೊಳಪು ಹೋಗಿ ಹಸಿ ಜೇಡಿಮಣ್ಣಿನ ಹಾಗೆ ಮಂಕಾಗಿರುತ್ತದೆ. ಬೆರಳಲ್ಲಿ ಗೀರಿದರೆ ಗೆರೆ ಹಾಗೇ ನಿಲ್ಲುತ್ತದೆ, ಬೆರಳಿಗೆ ಏನೂ ಅಂಟಲ್ಲ. ಅದೇ ಹದ. ಗೆರೆಯ ಅಂಚು ಬಿರುಕು ಬಿಟ್ಟರೆ ಇನ್ನೊಂದು ಚಮಚ ಹಾಲು, ಮತ್ತೆ ಹತ್ತು ನಿಮಿಷ. ಇಲ್ಲಿ ಅವಸರ ಮಾಡಿದರೆ ನಾಲ್ಕನೇ ದಿನ ಅನುಭವಿಸುತ್ತೀರಿ.

ಉಳಿದದ್ದು ಸುಲಭ. 200 ಗ್ರಾಂ ಖರ್ಜೂರ, 150 ಗ್ರಾಂ ಪೀನಟ್ ಬಟರ್, 80 ಗ್ರಾಂ ಓಟ್ಸ್ ಪುಡಿ, 30 ಗ್ರಾಂ ಕೋಕೋ, ಉಪ್ಪು ಅರ್ಧ ಚಮಚಕ್ಕೆ ಸ್ವಲ್ಪ ಕಮ್ಮಿ. ಖರ್ಜೂರ ಒಣಗಿದ್ದರೆ ನೆನೆಸಬೇಡಿ, ಐದು ನಿಮಿಷ ಹಬೆಯಲ್ಲಿಡಿ. ಓಟ್ಸನ್ನು ಬರೀ ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದು ಆಮೇಲೆ ಪುಡಿ ಮಾಡಿ. ಹಸಿ ಓಟ್ಸಿನ ಹಿಟ್ಟು ವಾಸನೆ ಚಾಕೊಲೇಟಿಗೂ ಬಗ್ಗಲ್ಲ. ಬಟಾಣಿಯ ಮಣ್ಣು ವಾಸನೆ ಅಡಗಿಸಲು ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕುತ್ತೇನೆ. ಕಾಫಿ ಹಾಕಿದ್ದು ಯಾರಿಗೂ ಗೊತ್ತಾಗಲ್ಲ, ಕೋಕೋ ಚೆನ್ನಾಗಿದೆ ಅಂತಾರೆ ಅಷ್ಟೇ. ಪ್ರೋಟೀನ್ ಪುಡಿ ಮಾತ್ರ ಸಪ್ಪೆಯದೇ ಇರಲಿ. ಚಾಕೊಲೇಟ್ ರುಚಿಯದು ಅಂತ ಮಾರುವ ಒಂದು ಡಬ್ಬಿ ತಂದಿದ್ದೆ, ಅದರಲ್ಲಿ ಸಕ್ಕರೆ ಬದಲು ಹಾಕಿದ್ದ ಸ್ಟೀವಿಯಾದ ಕಹಿ ನಾಲಿಗೆಯ ಹಿಂದೆ ಅರ್ಧ ಗಂಟೆ ಕೂತಿತ್ತು.

ಕಲಸುವಾಗ ಕೆಲವೊಮ್ಮೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಮಿಕ್ಸಿಯ ಬಿಸಿಗೆ, ಇಲ್ಲವೇ ಜಾಸ್ತಿ ನಾದಿದ್ದಕ್ಕೆ. ನಾನು ಮೊದಲೆಲ್ಲ ಓಟ್ಸ್ ಪುಡಿ ಉದುರಿಸುತ್ತಿದ್ದೆ, ಬಾರ್ ಇನ್ನೂ ಒಣಗುತ್ತಿತ್ತು. ಅದಕ್ಕೆ ಮದ್ದು ಒಂದು ಚಮಚ ತಣ್ಣೀರು. ಎಣ್ಣೆ ತಿರುಗಿ ಒಳಗೆ ಸೇರಿಕೊಳ್ಳುತ್ತದೆ. ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ.

ಹನ್ನೆರಡು ಬಾರ್ ಆಗುತ್ತದೆ, ಮೇಲಿನ ಚಾಕೊಲೇಟೂ ಸೇರಿ ಒಂದೊಂದು 70 ಗ್ರಾಂ ಚಿಲ್ಲರೆ. ಪ್ರೋಟೀನ್ 13–14 ಗ್ರಾಂ, ಕ್ಯಾಲರಿ 260ರ ಹತ್ತಿರ. ಡಬ್ಬಿಗಳ ಮೇಲಿನ ಅಂಕಿ ಕೂಡಿಸಿ ಹಾಕಿದ ಲೆಕ್ಕ, ಅಂದಾಜು ಅಂತಲೇ ಇಟ್ಟುಕೊಳ್ಳಿ. 20 ಗ್ರಾಂ ತಲುಪಿಸಲು ಪುಡಿ 200 ಗ್ರಾಂ ಮಾಡಿ ನೋಡಿದ್ದೇನೆ. ಬಾಯಿ ಸುಣ್ಣದ ಡಬ್ಬಿ ಆಯಿತು. ನನ್ನ ಮಟ್ಟಿಗೆ 14 ಸಾಕು.

ಇನ್ನು ಚಾಕೊಲೇಟ್. ಇದರಲ್ಲಿ ದುಡ್ಡು ಕಳೆದದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲ ಸಲ ಡಾರ್ಕ್ ಅಂದರೆ ವೀಗನ್ನೇ ಅಂತ ತಂದುಬಿಟ್ಟೆ. ಬಾರ್ ಎಲ್ಲ ಮುಗಿಸಿ, ವೀಗನ್ ಆಗಿರುವ ಅಕ್ಕನಿಗೆ ಕೊಟ್ಟರೆ ಅವಳು ಪ್ಯಾಕೆಟ್ ತಿರುಗಿಸಿ, "ಲೋ, ಇದ್ರಲ್ಲಿ ಹಾಲಿನ ಕೊಬ್ಬು ಇದೆ ನೋಡೋ" ಅಂದಳು. ಸಣ್ಣಕ್ಷರದಲ್ಲಿ ಇತ್ತು. ಎರಡನೇ ಸಲ ಹಬೆಯ ಒಂದು ಹನಿ ಬಟ್ಟಲಿಗೆ ಬಿತ್ತು, ಕರಗಿದ ಚಾಕೊಲೇಟ್ ಕ್ಷಣದಲ್ಲಿ ಒಡೆದು ಉಂಡೆಯಾಯಿತು. ಅದನ್ನು ಎಸೆಯಬೇಡಿ, ಮುಂದಿನ ಬ್ಯಾಚಿನ ಹಿಟ್ಟಿಗೆ ಸೇರಿಸಿಬಿಡಿ, ಕೋಕೋ ಉಳಿಯುತ್ತದೆ. ಮೂರನೇ ಸಲ ಬೇಗ ಗಟ್ಟಿಯಾಗಲಿ ಅಂತ ಫ್ರೀಜರ್‌ನಿಂದ ತೆಗೆದ ಬಾರ್ ಮೇಲೆ ಸುರಿದೆ. ಗಟ್ಟಿಯೇನೋ ಬೇಗ ಆಯಿತು. ಬಾರ್ ಬೆಚ್ಚಗಾಗುತ್ತಾ ಹಿಗ್ಗಿದಾಗ ಮೇಲಿನ ಪದರ ಒಣಕೆರೆಯ ತಳದ ಹಾಗೆ ಬಿರಿಯಿತು. ಜತೆಗೆ ಬೆವರಿ, ಒಣಗಿ, ಬಿಳಿ ಬಿಳಿ ಕಲೆ.

ಈಗ ಫ್ರಿಜ್‌ನಿಂದ ತೆಗೆದ ಬಾರನ್ನು ಇಪ್ಪತ್ತು ನಿಮಿಷ ಹೊರಗಿಟ್ಟ ಮೇಲೇ ಚಾಕೊಲೇಟ್. 120 ಗ್ರಾಂನಲ್ಲಿ ಮೂರನೇ ಎರಡು ಪಾಲನ್ನು 45 ಡಿಗ್ರಿ ತನಕ ಕರಗಿಸಿ, ಒಲೆಯಿಂದ ಇಳಿಸಿ, ಉಳಿದ ಪಾಲನ್ನು ಚೂರು ಮಾಡಿ ಹಾಕಿ, 31–32ಕ್ಕೆ ಇಳಿಯುವ ತನಕ ತಿರುವುತ್ತೇನೆ. ಥರ್ಮಾಮೀಟರ್ ಇಲ್ಲದೆ ನಾನೂ ಬಹಳ ದಿನ ತುಟಿಗೆ ಹಚ್ಚಿ ನೋಡಿ ಧೈರ್ಯ ಮಾಡಿದ್ದೆ. ಥರ್ಮಾಮೀಟರಿಗೆ ಕೊಟ್ಟದ್ದಕ್ಕಿಂತ ಹಾಳು ಮಾಡಿದ ಚಾಕೊಲೇಟ್ ಬೆಲೆಯೇ ಜಾಸ್ತಿಯಾಗಿತ್ತು. ಕೊನೆಗೆ ಒಂದು ಚಿಟಿಕೆ ಇನ್ನೊಂದು ಪದಾರ್ಥ ಬೀಳುತ್ತದೆ, ಪದರ ಕಚ್ಚಿದಾಗ ಟಕ್ ಅನ್ನುತ್ತದೆ ಆದರೆ ಚೂರುಚೂರಾಗಿ ಉದುರಲ್ಲ. ಅದೂ ನನ್ನ ಹತ್ತಿರವೇ. ಕೋಕೋ ಬಟರ್ ಬದಲು ಬೇರೆ ಸಸ್ಯಕೊಬ್ಬು ಹಾಕಿದ ಅಗ್ಗದ ಕಾಂಪೌಂಡ್ ಚಾಕೊಲೇಟಿಗೆ ಈ ರಗಳೆ ಯಾವುದೂ ಬೇಡ, ಕರಗಿಸಿ ಸುರಿದರೆ ಮುಗಿಯಿತು. ಆದರೆ ನಾಲಿಗೆಗೆ ಮೇಣ ಸವರಿದ ಹಾಗಿರುತ್ತದೆ. ಒಂದು ಸಲ ಉಳಿತಾಯ ಮಾಡಿದೆ, ಇನ್ನೊಂದು ಸಲ ಮಾಡಲಿಲ್ಲ.

ದುಡ್ಡಿನ ವಿಷಯ ಬಂತಲ್ಲ, ಪೂರ್ತಿ ಹೇಳಿಬಿಡುತ್ತೇನೆ. ಹಾಳಾದ ಬ್ಯಾಚುಗಳಿಗೆ ಸುರಿದ ದುಡ್ಡಿನಲ್ಲಿ ಅಂಗಡಿ ಬಾರ್ 40 ಆದರೂ ಬರುತ್ತಿತ್ತು. ಈಗ ನನ್ನ ಹನ್ನೆರಡು ಬಾರ್‌ಗೆ ಬೀಳುವ ಖರ್ಚು ಅಂಗಡಿಯ ಐದು ಬಾರಿನ ಬೆಲೆ. ಅಂದರೆ ಬ್ಯಾಚಿಗೆ ಏಳು ಬಾರಿನಷ್ಟು ಉಳಿತಾಯ, ಆರು ಬ್ಯಾಚಿಗೆ ಹಳೇ ಸಾಲ ತೀರಿತು. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಪುಡಿಯದ್ದೇ. ಖರ್ಜೂರದಲ್ಲಿ, ಓಟ್ಸಿನಲ್ಲಿ ಉಳಿಸಲು ಹೋಗಬೇಡಿ, ಅಲ್ಲಿ ಉಳಿಯೋದು ಚಿಲ್ಲರೆ. ಪೀನಟ್ ಬಟರ್ ಮನೆಯಲ್ಲೇ ರುಬ್ಬಿದರೆ ಒಂದಿಷ್ಟು ಉಳಿಯುತ್ತದೆ, ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ರುಬ್ಬಬೇಕು. ನನ್ನ ಹಳೇ ಮಿಕ್ಸಿ ಅದರಲ್ಲೇ ಹೊಗೆಯಾಡಿ ಹೋಯಿತು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಮಧ್ಯೆ ಮಧ್ಯೆ ಕೈ ಸುಮ್ಮನಿರದೆ ಮಾಡಿದ ಪ್ರಯೋಗಗಳೂ ಇವೆ. ಅಕ್ಕನ ಮಗನಿಗೆ ಕಡಲೆಕಾಯಿ ಆಗಲ್ಲ ಅಂತ ಸೂರ್ಯಕಾಂತಿ ಬೀಜದ ಬೆಣ್ಣೆಯಲ್ಲಿ, ಕೋಕೋ ಇಲ್ಲದೆ ಒಂದು ಅರ್ಧ ಬ್ಯಾಚ್ ಮಾಡಿದೆ. ಅದಕ್ಕೆ ಮುಂಚೆ ಪಾತ್ರೆ, ಮಿಕ್ಸಿ ಜಾರು ಎಲ್ಲ ಎರಡೆರಡು ಸಲ ತೊಳೆದದ್ದು ಬೇರೆ ಕೆಲಸ. ಹಿಟ್ಟು ಹಗುರವಾಗಲಿ ಅಂತ ಯಾಕೋ ಚಿಟಿಕೆ ಅಡುಗೆ ಸೋಡಾ ಹಾಕಿದ್ದೆ. ಮಾರನೇ ದಿನ ಕತ್ತರಿಸಿದರೆ ಒಳಗೆಲ್ಲ ಪಾಚಿ ಹಸಿರು! ಬೂಸ್ಟಿನ ನೆನಪಾಗಿ ಎದೆ ಧಸಕ್ ಅಂತು. ಅದು ಬೂಸ್ಟಲ್ಲ, ಸೂರ್ಯಕಾಂತಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾ ಜತೆ ಸೇರಿದರೆ ಹಾಗೆ ಹಸಿರಾಗುತ್ತದೆ, ತಿಂದರೆ ಏನೂ ಆಗಲ್ಲ. ಮಗು ಖುಷಿಯಿಂದಲೇ ತಿಂದಿತು, ದೊಡ್ಡವರು ಯಾರೂ ಮುಟ್ಟಲಿಲ್ಲ.

ಬೇಯಿಸಿದ ಕಾಬೂಲಿ ಕಡಲೆ ರುಬ್ಬಿ ಹಾಕಿಯೂ ನೋಡಿದೆ. ಬೆಣ್ಣೆಯಂಥ ಹದ, ಮೂರು ದಿನಕ್ಕೆ ಹುಳಿ ವಾಸನೆ. ಆ ದಾರಿ ಬಿಟ್ಟೆ. ಗರಿಗರಿಗೆ ಅಂತ ಅಕ್ಕಿ ಕ್ರಿಸ್ಪಿ ಹಾಕಿದರೆ ಎರಡೇ ದಿನಕ್ಕೆ ಮೆತ್ತಗಾಗುತ್ತಿತ್ತು. ಅದನ್ನು ಮೊದಲೇ ಕರಗಿಸಿದ ಕೋಕೋ ಬಟರ್‌ನಲ್ಲಿ ಹೊರಳಿಸಿ ತಣ್ಣಗಾಗಿಸಿ ಹಾಕಿದರೆ ಐದಾರು ದಿನ ಕುರುಕುರು ಅನ್ನುತ್ತದೆ. ತೇವ ಒಳಗೆ ಹೋಗಲು ದಾರಿ ಇರಲ್ಲ. ಇದೊಂದು ಈಗಲೂ ಆಗಾಗ ಮಾಡುತ್ತೇನೆ. ಗ್ಲಿಸರಿನ್ ಹಾಕಿದರೆ ಬಾರ್ ವಾರಗಟ್ಟಲೆ ಮೃದು, ಅದು ನಿಜ. ಸಸ್ಯಮೂಲದ್ದು ಅಂತ ನೋಡಿಯೇ ತಂದೆ. ಒಂದು ಚಮಚ ಪರವಾಗಿಲ್ಲ, ಎರಡು ಹಾಕಿದರೆ ಗಂಟಲಲ್ಲಿ ಬಿಸಿ ಬಿಸಿ ಸಿಹಿ. ನನ್ನ ವಿಧಾನಕ್ಕೆ ಅದು ಬೇಕಾಗಲಿಲ್ಲ ಅನ್ನೋದು ನನಗೊಂದು ಹೆಮ್ಮೆ.

ಬಾರ್ ಹೊರಗೆ ಎರಡು ದಿನಕ್ಕಿಂತ ಜಾಸ್ತಿ ಇಡುವುದಿಲ್ಲ. ಫ್ರಿಜ್‌ನಲ್ಲಿ ಎರಡು ವಾರ ಧೈರ್ಯವಾಗಿ ಇಟ್ಟಿದ್ದೇನೆ. ಫ್ರೀಜರ್‌ನಲ್ಲಿ ಬಟರ್ ಪೇಪರ್ ಸುತ್ತಿ ಮೂರು ತಿಂಗಳು, ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿದರೆ ಬೆಳಿಗ್ಗೆ ಸರಿಯಾಗಿರುತ್ತದೆ. ಪ್ರತಿ ಬ್ಯಾಚಿನಲ್ಲೂ ಒಂದನ್ನು ಚೀಟಿ ಅಂಟಿಸಿ ಹಿಂದೆ ಇಡುತ್ತೇನೆ, ನಾಲ್ಕನೇ ದಿನಕ್ಕೆ ಮುಂಚೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಗೆಳೆಯ ಎರಡನೇ ಬಾರ್ ಮುಗಿಸಿ ಕೈ ಒರೆಸಿಕೊಂಡು, "ಮುಂದಿನ ವಾರ ನಂಗೂ ಒಂದ್ ಇಪ್ಪತ್ನಾಲ್ಕು ಮಾಡ್ಕೊಡೋ" ಅಂದ. ಪುಡಿ ಡಬ್ಬಿ ನೀನೇ ತಗೊಂಡು ಬಾ ಅಂದಿದ್ದೇನೆ. ಇನ್ನೂ ಬಂದಿಲ್ಲ.