ಎಕಾನಮಿ ಟಿಕೆಟ್ ಕೊಳ್ಳುವಾಗ ನಾನು ಮೊದಲು ನೋಡುವ ಅಕ್ಷರ

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಟಿಕೆಟ್ ಬುಕಿಂಗ್ ಕಚೇರಿಗೆ ಬರುವವರಲ್ಲಿ ಬಹುಪಾಲು ಜನ ಮಕ್ಕಳ, ಮೊಮ್ಮಕ್ಕಳ ಮನೆಗೆ ಹೊರಟ ಹಿರಿಯರು. ಎಷ್ಟೋ ಮಂದಿ ಎಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ಟಿಕೆಟ್ ಕೊಂಡು, ಆಮೇಲೆ ಅದರ ಮುದ್ರಿತ ಪ್ರತಿ ಹಿಡಿದುಕೊಂಡು ಬರುತ್ತಾರೆ. "ಮಗನ ಹತ್ತಿರ ಬೇಕಾದಷ್ಟು ಪಾಯಿಂಟ್ ಇದೆ, ಇದನ್ನು ಮೇಲಿನ ದರ್ಜೆಗೆ ಏರಿಸಿಕೊಡಿ" ಎನ್ನುತ್ತಾರೆ. ಪಾಯಿಂಟ್ ಎಂದರೆ ವಿಮಾನ ಕಂಪನಿ ತನ್ನ ಗ್ರಾಹಕರ ಖಾತೆಗೆ ಜಮಾ ಮಾಡುವ ಅಂಕ; ಕೆಲವು ಕಂಪನಿಗಳು ಅದನ್ನೇ ಮೈಲ್ಸ್ ಎನ್ನುತ್ತವೆ. ಪ್ರತಿಯಲ್ಲಿ ವಿಮಾನದ ಸಂಖ್ಯೆಯ ಪಕ್ಕದಲ್ಲಿರುವ ಒಂದು ಅಕ್ಷರ ನೋಡಿದರೆ ಸಾಕು, ಆಗುತ್ತದೋ ಇಲ್ಲವೋ ತಿಳಿಯುತ್ತದೆ. ಹೆಚ್ಚಿನ ಸಲ ಆಗುವುದಿಲ್ಲ. ಮೇಲಿನ ದರ್ಜೆಗೆ ಏರುವ ಅವಕಾಶ ಇರುವುದೋ ಇಲ್ಲವೋ ಎಂಬುದು ಟಿಕೆಟ್ ಕೊಳ್ಳುವ ಹೊತ್ತಿನಲ್ಲೇ ತೀರ್ಮಾನವಾಗಿರುತ್ತದೆ. ಮಂಡ್ಯದಲ್ಲಿರುವ ನಮ್ಮಕ್ಕ, ಭಾವ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೊರಟಾಗ ನಾನು ಈ ಕೆಲಸ ಹೇಗೆ ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಆ ಅಕ್ಷರದ ವಿಚಾರ. ಎಕಾನಮಿಯ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತ ಮೂವರು ಮೂರು ದರ ಕೊಟ್ಟಿರಬಹುದು. ಸೀಟು ಒಂದೇ, ಊಟ ಒಂದೇ. ಟಿಕೆಟ್‌ಗೆ ಅಂಟಿಕೊಂಡಿರುವ ಷರತ್ತುಗಳು ಮಾತ್ರ ಬೇರೆ. ವಿಮಾನ ಕಂಪನಿ ತನ್ನ ಎಕಾನಮಿ ಸೀಟುಗಳನ್ನು ಹತ್ತು ಹನ್ನೆರಡು ದರ ವರ್ಗಗಳಾಗಿ ಹಂಚಿ, ಪ್ರತಿ ವರ್ಗಕ್ಕೂ ಒಂದು ಇಂಗ್ಲಿಷ್ ಅಕ್ಷರ ಕೊಟ್ಟಿರುತ್ತದೆ. ನಮ್ಮ ವೃತ್ತಿಯವರು ಇದನ್ನು ಆರ್‌ಬಿಡಿ ಎನ್ನುತ್ತಾರೆ. ಪೂರ್ಣ ದರದ ಎಕಾನಮಿಗೆ ವೈ ಎಂಬುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಅದರ ಕೆಳಗೆ ಬಂದರೆ ಪ್ರತಿ ಕಂಪನಿಯದೂ ಅದರದೇ ವರಸೆ. ಲುಫ್ತಾನ್ಸಾದಲ್ಲಿ ಡಬ್ಲ್ಯೂ ಎಂದರೆ ರಿಯಾಯಿತಿಯ ಎಕಾನಮಿ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಅದೇ ಡಬ್ಲ್ಯೂ ಪ್ರೀಮಿಯಂ ಎಕಾನಮಿ, ಅಂದರೆ ಎಕಾನಮಿಗೂ ಬಿಸಿನೆಸ್ ದರ್ಜೆಗೂ ನಡುವಿನದು. ಹಾಗಾಗಿ ಒಂದು ಕಂಪನಿಯ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಇನ್ನೊಂದಕ್ಕೆ ಅನ್ವಯಿಸಲು ಹೋಗಬೇಡಿ.

ಈಚೆಗೆ ಕಂಪನಿಗಳು ಈ ಅಕ್ಷರಗಳ ಮೇಲೆ ಹೆಸರುಗಳ ಹೊದಿಕೆ ಹಾಕಿವೆ. ಎಮಿರೇಟ್ಸ್‌ನಲ್ಲಿ ಸ್ಪೆಷಲ್, ಸೇವರ್, ಫ್ಲೆಕ್ಸ್, ಫ್ಲೆಕ್ಸ್ ಪ್ಲಸ್. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಲೈಟ್, ವ್ಯಾಲ್ಯೂ, ಸ್ಟ್ಯಾಂಡರ್ಡ್, ಫ್ಲೆಕ್ಸಿ. ಎಮಿರೇಟ್ಸ್‌ನ ಸ್ಪೆಷಲ್ ದರದ ಟಿಕೆಟ್ಟನ್ನಾಗಲಿ, ಸಿಂಗಪುರದ ಲೈಟ್ ಟಿಕೆಟ್ಟನ್ನಾಗಲಿ ಮೈಲ್ಸ್ ಕೊಟ್ಟು ಮೇಲಿನ ದರ್ಜೆಗೆ ಏರಿಸಲು ಬರುವುದಿಲ್ಲ. ದರ ಹೋಲಿಸುವ ಜಾಲತಾಣಗಳಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವುದು ಇಂಥ ದರಗಳೇ ಆದ್ದರಿಂದ ಜನ ಇವನ್ನೇ ಕೊಳ್ಳುತ್ತಾರೆ. ಕೊಳ್ಳುವವರ ತಪ್ಪು ಅದರಲ್ಲಿ ಏನೂ ಇಲ್ಲ. ಷರತ್ತುಗಳನ್ನು ದರದ ಪಕ್ಕದಲ್ಲೇ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾವನವರಿಗೆ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನವೆಂದರೂ ಹತ್ತು ಗಂಟೆಗೆ ಕಡಿಮೆ ಇಲ್ಲ. ಬ್ರಿಟಿಷ್ ಏರ್‌ವೇಸ್‌ನ ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ 31 ಇಂಚು, ಪ್ರೀಮಿಯಂ ಎಕಾನಮಿಯಲ್ಲಿ 38 ಇಂಚು. ಆ ಏಳು ಇಂಚು ಕಾಲು ಮಡಿಸಲು ಕಷ್ಟಪಡುವವರಿಗೆ ಎಷ್ಟು ದೊಡ್ಡದೆಂದು ಮನೆಯಲ್ಲಿ ಅಂಥವರಿದ್ದವರಿಗೆ ಹೇಳಬೇಕಾಗಿಲ್ಲ. ಅಕ್ಕನ ಮಗಳ ಖಾತೆಯಲ್ಲಿ ಆ ಕಂಪನಿಯ ಪಾಯಿಂಟ್‌ಗಳಾದ ಏವಿಯೋಸ್ ಸಾಕಷ್ಟಿದ್ದವು. ಹಾಗಾಗಿ ಏರಿಸಲು ಬರುವ ಎಕಾನಮಿ ಟಿಕೆಟ್ ಹುಡುಕುವುದು ನನ್ನ ಪಾಲಿಗೆ ಬಂತು.

ಅಲ್ಲಿನ ನಿಯಮ ಸ್ಪಷ್ಟವಾಗಿದೆ. ಎಕಾನಮಿಯ ಅತ್ಯಂತ ಕೆಳಗಿನ ಕ್ಯೂ, ಓ, ಜಿ ವರ್ಗದ ಟಿಕೆಟ್‌ಗಳನ್ನು ಏವಿಯೋಸ್‌ನಿಂದ ಏರಿಸಲಾಗದು. ಉಳಿದವನ್ನು ಏರಿಸಬಹುದು, ಅದೂ ಒಂದೇ ಮೆಟ್ಟಿಲು: ಎಕಾನಮಿಯಿಂದ ಪ್ರೀಮಿಯಂ ಎಕಾನಮಿಗೆ. ಎಕಾನಮಿಯಿಂದ ನೇರವಾಗಿ ಬಿಸಿನೆಸ್ ದರ್ಜೆಗೆ ಹಾರಲು ಬಿಡುವುದಿಲ್ಲ.

ಕಚೇರಿಯ ಕಂಪ್ಯೂಟರಿನಲ್ಲಿ ಅವರು ಮೊದಲು ಹೇಳಿದ್ದ ಶನಿವಾರದ ವಿಮಾನ ತೆರೆದಾಗ ಸಾಲು ಸುಮಾರಾಗಿ ಹೀಗಿತ್ತು: ವೈ9 ಬಿ9 ಎಚ್9 ಕೆ9 ಎಂ9 ಎಲ್9 ವಿ6 ಎನ್4 ಎಸ್1 ಓ0. ಅಕ್ಷರ ವರ್ಗವನ್ನು, ಅಂಕಿ ಆ ವರ್ಗದಲ್ಲಿ ಈಗ ಮಾರಲು ಇರುವ ಸೀಟನ್ನು ಹೇಳುತ್ತದೆ. 9 ಎಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು. ಎಸ್ ವರ್ಗದಲ್ಲಿ ಉಳಿದಿದ್ದದ್ದು ಒಂದೇ ಸೀಟು. ಇಬ್ಬರಿಗೆ ಒಟ್ಟಿಗೆ ಕೇಳಿದರೆ ಕಂಪ್ಯೂಟರು ಒಬ್ಬರಿಗೆ ಎಸ್, ಇನ್ನೊಬ್ಬರಿಗೆ ಎನ್ ಎಂದು ಹಂಚಿಕೊಡುವುದಿಲ್ಲ; ಇಬ್ಬರನ್ನೂ ಮೇಲಿನ ಎನ್ ದರಕ್ಕೆ ಎತ್ತುತ್ತದೆ. ಕುಟುಂಬ ಸಮೇತ ಹೊರಡುವವರಿಗೆ ಇದ್ದಕ್ಕಿದ್ದಂತೆ ದರ ಏರಿದಂತೆ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ. ಇಬ್ಬರಿಗೂ ಬೇರೆ ಬೇರೆ ಟಿಕೆಟ್ ಮಾಡಿ ಹಣ ಉಳಿಸುವ ಉಪಾಯವಿದೆ. ವಯಸ್ಸಾದ ದಂಪತಿಗೆ ನಾನು ಅದನ್ನು ಮಾಡುವುದಿಲ್ಲ. ವಿಮಾನ ರದ್ದಾಗಿ ಬೇರೆ ವಿಮಾನಕ್ಕೆ ಹಾಕಬೇಕಾಗಿ ಬಂದರೆ ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿರಬೇಕು.

"ಭಾವ, ಶನಿವಾರವೇ ಆಗಬೇಕೇ? ಮಂಗಳವಾರ ಹೊರಟರೆ ಹೇಗೆ?" ಎಂದು ಫೋನಿನಲ್ಲಿ ಕೇಳಿದೆ. "ನನಗೆ ಯಾವ ವಾರವಾದರೇನಪ್ಪ, ನಿಮ್ಮಕ್ಕ ರಾಹುಕಾಲ ನೋಡದೆ ಮನೆ ಬಿಡುವುದಿಲ್ಲ, ಅವಳನ್ನೇ ಕೇಳು" ಎಂದರು. ಮಂಗಳವಾರ ಎಸ್ ವರ್ಗದಲ್ಲಿ ನಾಲ್ಕು ಸೀಟುಗಳಿದ್ದವು, ಓ ವರ್ಗವೂ ತೆರೆದಿತ್ತು. ಅಕ್ಕ ಪಂಚಾಂಗ ನೋಡಿ ಒಪ್ಪಿದಳು. ನಾನು ಅಗ್ಗದ ಓ ಬಿಟ್ಟು ಎಸ್ ಹಿಡಿದೆ. ಎರಡರ ನಡುವಿನ ವ್ಯತ್ಯಾಸ ಪ್ರೀಮಿಯಂ ಎಕಾನಮಿಯನ್ನು ನೇರವಾಗಿ ಕೊಳ್ಳಲು ಬೇಕಾಗುತ್ತಿದ್ದ ಹೆಚ್ಚುವರಿ ಹಣದಲ್ಲಿ ಒಂದು ಸಣ್ಣ ಪಾಲು.

ಏರಿಸಲು ಬರುವ ಟಿಕೆಟ್ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ, ಅಷ್ಟೇ. ಮೇಲಿನ ದರ್ಜೆಯಲ್ಲಿ ಪಾಯಿಂಟ್‌ಗಾಗಿಯೇ ಬಿಟ್ಟಿರುವ ಸೀಟು ಅದೇ ವಿಮಾನದಲ್ಲಿ ಇರಬೇಕು. ಹಣಕ್ಕೆ ಮಾರುವ ಸೀಟು ಹತ್ತು ಖಾಲಿ ಇದ್ದರೂ ಪಾಯಿಂಟ್‌ನ ಸೀಟು ಒಂದೂ ಇಲ್ಲದಿರಬಹುದು. ಹೀಗಾಗಿ ನನ್ನ ಕ್ರಮ ಹಿಂದುಮುಂದಾಗಿರುತ್ತದೆ: ಮೊದಲು ಮೇಲೆ ಸೀಟಿದೆಯೇ ನೋಡಿ, ಆಮೇಲೆ ಕೆಳಗಿನ ಟಿಕೆಟ್ ಕೊಳ್ಳುವುದು. ಬ್ರಿಟಿಷ್ ಏರ್‌ವೇಸ್ 355 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಮತ್ತು ದೂರದ ವಿಮಾನಗಳಲ್ಲಿ ಆಗಲೇ ಕೆಲವು ಸೀಟುಗಳನ್ನು ಪಾಯಿಂಟ್‌ಗೆಂದು ಬಿಡುತ್ತದೆ. ಪ್ರೀಮಿಯಂ ಎಕಾನಮಿಯಲ್ಲಿ ಬಿಡುವುದು ಕೆಲವೇ ಸೀಟು. ಗಂಡಹೆಂಡಿರು ಹೊರಡುವುದಿದ್ದರೆ ಬೇಗ ಕೈಹಾಕುವುದೇ ಸರಿ. ಅಕ್ಕನ ಮಗಳು ತನ್ನ ಖಾತೆಯಲ್ಲಿ ಹುಡುಕಿ, "ಮಾಮ, ಮಂಗಳವಾರ ಎರಡಿದೆ" ಎಂದ ಮೇಲೆಯೇ ನಾನು ಮುಂದುವರಿದದ್ದು.

ಟಿಕೆಟ್ಟನ್ನು ನನ್ನ ಕಚೇರಿಯಿಂದ ಕೊಡಲಿಲ್ಲ. ಕಂಪನಿಯ ಜಾಲತಾಣದಲ್ಲೇ, ಕೊಳ್ಳುವಾಗಲೇ ಏವಿಯೋಸ್ ಸೇರಿಸಿ ಏರಿಸುವ ದಾರಿಯಲ್ಲಿ ಅವಳಿಂದ ಮಾಡಿಸಿದೆ. ಏಜೆಂಟ್ ಕೊಟ್ಟ ಟಿಕೆಟ್ಟನ್ನು ಆಮೇಲೆ ಏರಿಸುವುದೆಂದರೆ ಅವರಿಗೊಂದು ಫೋನು, ಇವರಿಗೊಂದು ಫೋನು. ಕಮಿಷನ್ ನನಗೆ ಬಾರದಿದ್ದರೂ ಪಾಯಿಂಟ್ ಬಳಸುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಇಲ್ಲೇ ಇನ್ನೊಂದು ವಿಷಯ. ಟಿಕೆಟ್ ಸಂಖ್ಯೆಯಲ್ಲಿ ಹದಿಮೂರು ಅಂಕಿಗಳಿರುತ್ತವೆ. ಮೊದಲ ಮೂರು ಕೊಟ್ಟ ಕಂಪನಿಯದು. 125 ಬ್ರಿಟಿಷ್ ಏರ್‌ವೇಸ್, 098 ಏರ್ ಇಂಡಿಯಾ, 176 ಎಮಿರೇಟ್ಸ್, 618 ಸಿಂಗಪುರ. ಟಿಕೆಟ್ ಒಬ್ಬರದು, ಹಾರಿಸುವ ವಿಮಾನ ಇನ್ನೊಬ್ಬರದು ಎಂದಾದರೆ ಅಪ್‌ಗ್ರೇಡ್ ಬಹುತೇಕ ಕೈತಪ್ಪಿದಂತೆಯೇ. ಕೊಳ್ಳುವ ಮೊದಲು ವಿಮಾನವನ್ನು ಹಾರಿಸುವವರು ಯಾರು ಎಂಬ ಸಾಲನ್ನು ಓದಿಕೊಳ್ಳಿ. ನನಗಿರುವಂಥ ಬುಕಿಂಗ್ ಕಂಪ್ಯೂಟರ್ ಇಲ್ಲದವರು ಗೂಗಲ್‌ನ ಐಟಿಎ ಮ್ಯಾಟ್ರಿಕ್ಸ್‌ನಲ್ಲಿ ದಿನಾಂಕ ಹಾಕಿದರೆ ಪ್ರತಿ ದರದ ಅಕ್ಷರವೂ ಕಾಣುತ್ತದೆ. ಅಲ್ಲಿ ಕೊಳ್ಳಲು ಬರುವುದಿಲ್ಲ, ನೋಡಲು ಬರುತ್ತದೆ.

ಹಿಂದಿರುಗುವ ದಾರಿಯಲ್ಲಿ ಒಂದು ಹೆಚ್ಚಿನ ಖರ್ಚು ಎದುರಾಯಿತು. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕರ ಮೇಲೆ ಅಲ್ಲಿನ ಸರ್ಕಾರ ಹಾಕುವ ತೆರಿಗೆ, ಎಕಾನಮಿಗಿಂತ ಮೇಲಿನ ದರ್ಜೆಗೆ ಹೋದ ಕೂಡಲೇ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಪಾಯಿಂಟ್ ಕೊಟ್ಟು ಏರಿದರೂ ಆ ವ್ಯತ್ಯಾಸವನ್ನು ಹಣವಾಗಿಯೇ ಕಟ್ಟಬೇಕು. ಹೋಗುವಾಗ ಮಾತ್ರ ಏರಿಸಿದರೆ ಸಾಕೇ ಎಂದು ಅಕ್ಕನ ಮಗಳನ್ನು ಕೇಳಿದೆ. "ಬರುವಾಗ ಅಪ್ಪನ ಮೊಣಕಾಲು ಬೇರೆಯಾಗಿರುತ್ತದೆಯೇ ಮಾಮ?" ಎಂದಳು. ಕಟ್ಟಿದೆವು.

ಪಾಯಿಂಟ್ ಇಲ್ಲದವರಿಗೆ ನನ್ನ ಸಲಹೆ ಬೇರೆ. ಏರಿಸಬಹುದಾದ ಟಿಕೆಟ್ ಎಂದು ಹೆಚ್ಚು ಹಣ ತೆತ್ತು ಕಾದು ಕುಳಿತುಕೊಳ್ಳಬೇಡಿ. ಪ್ರೀಮಿಯಂ ಎಕಾನಮಿಯ ನೇರ ದರವನ್ನು ಒಮ್ಮೆ ನೋಡಿ; ಹೋಲಿಸುವಾಗ ಜಿಎಸ್‌ಟಿ ಸೇರಿಸಿಯೇ ಹೋಲಿಸಿ, ಏಕೆಂದರೆ ಎಕಾನಮಿಗೆ ಅದು ಶೇ 5, ಮೇಲಿನ ದರ್ಜೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಪ್ರಯಾಣ ಹತ್ತಿರವಾದಾಗ ಹಲವು ಕಂಪನಿಗಳು ಮೇಲಿನ ದರ್ಜೆಯ ಸೀಟಿಗೆ ಬೆಲೆ ಕೂಗಿ ಎಂದು ಇಮೇಲ್ ಕಳಿಸುತ್ತವೆ. ನಿಮ್ಮ ಕೈಗೆಟುಕುವ ಮೊತ್ತ ಹಾಕಿ ಮರೆತುಬಿಡಿ. ಒಪ್ಪಿದರೆ ಹಣ ಕಡಿತವಾಗುತ್ತದೆ, ಇಲ್ಲದಿದ್ದರೆ ಇಲ್ಲ. ಆ ಮೊತ್ತ ಸಾಮಾನ್ಯವಾಗಿ ಒಬ್ಬರಿಗೆ, ಒಂದು ಹಾರಾಟಕ್ಕೆ ಎಂಬುದು ನೆನಪಿರಲಿ. ಕಾಲು ನೋವಿರುವವರನ್ನು ಮಾತ್ರ ಈ ಅದೃಷ್ಟದ ಮೇಲೆ ಬಿಡಬಾರದು. ಅಂಥವರಿಗೆ ಖಚಿತವಾದ ಸೀಟೇ ಬೇಕು.

ಕೊಂಡ ಮೇಲೆ ಏರಿಸಿದರೆ ಟಿಕೆಟ್ ಹೊಸದಾಗಿ ಬರುತ್ತದೆ. ಹಳೆಯ ಟಿಕೆಟ್ಟಿಗೆ ಹಾಕಿಸಿದ್ದ ಗಾಲಿಕುರ್ಚಿ, ಊಟ, ಸೀಟು ಎಲ್ಲವೂ ಹೊಸದಕ್ಕೆ ತಾನಾಗಿ ಬಂದಿದೆ ಎಂದುಕೊಳ್ಳುವಂತಿಲ್ಲ. ನಮ್ಮದು ಕೊಳ್ಳುವಾಗಲೇ ಏರಿಸಿದ್ದಾದರೂ ನಾನು ಒಂದೊಂದನ್ನೂ ನೋಡಿದೆ. ಭಾವನವರು ಸಮತಟ್ಟಾದ ಕಡೆ ನಡೆಯಬಲ್ಲರು, ಮೆಟ್ಟಿಲು ಹತ್ತಲಾರರು. ಅದಕ್ಕೆ ಡಬ್ಲ್ಯೂಸಿಎಚ್ಎಸ್ ಎಂಬ ಸಂಕೇತವೇ ಬೇಕು. ಬರೀ ದೂರ ನಡೆಯಲಾಗದವರಿಗೆ ಹಾಕುವ ಡಬ್ಲ್ಯೂಸಿಎಚ್ಆರ್ ಹಾಕಿದರೆ ವಿಮಾನದ ಮೆಟ್ಟಿಲ ಬುಡದವರೆಗೆ ಬಿಟ್ಟುಹೋಗಬಹುದು. ಅಕ್ಕ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅವಳಿಗೆ ಜೈನ ಊಟದ ವಿಜೆಎಂಎಲ್ ಹಾಕಿಸಿ, ಎರಡೂ ದಾರಿಗೂ ದೃಢವಾಗಿದೆ ಎಂದು ಬಂದ ಹೊಸ ಪ್ರತಿಯನ್ನು ಮಂಡ್ಯಕ್ಕೆ ಕಳಿಸಿಕೊಟ್ಟೆ.